ಹೊಗೆಡಬ್ಬಿಯ ತಳ

ಜನವರಿ 9

ಅಣ್ಣ,

ಎರಡು ವರ್ಷದಿಂದ ಒಂದು ಸಾಲು ಬರೆಯದವಳು ಈಗ ಬರೆದಿದ್ದಾಳೆ ಎಂದರೆ ಏನೋ ಬೇಕಾಗಿರಬೇಕು ಎಂದುಕೊಂಡಿರುತ್ತೀಯ. ಹೌದು, ಬೇಕಾಗಿದೆ. ಒಂದು ಹೊಗೆಡಬ್ಬಿ ಬೇಕು.

ನಮ್ಮ ಬೀದಿಯ ಕೊನೇ ಮನೆಯ ಟೈಲರಮ್ಮ ಮಗಳ ಊರಿಗೆ ಹೊರಟು ನಿಂತಿದ್ದಾಳೆ. ಹೋಗುವ ಮುಂಚೆ ತನ್ನ ಐದು ಜೇನುಪೆಟ್ಟಿಗೆಗಳನ್ನು ಕೈಗಾಡಿಯಲ್ಲಿ ತಳ್ಳಿಸಿಕೊಂಡು ಬಂದು ನಮ್ಮ ಹಿತ್ತಲಲ್ಲಿ ಇಳಿಸಿಯೇ ಬಿಟ್ಟಳು. "ಬೇಡ ಅನ್ಬೇಡಿ. ನಿಮ್ಮನೆಯವರು ಕಲಿಸಿಕೊಟ್ಟ ವಿದ್ಯೆ ಇದು, ಅವರ ಮನೆಗೇ ವಾಪಸ್ ಬರ್ಲಿ" ಎಂದಳು. ನಾನು ಬೇಡ ಎನ್ನಲಿಲ್ಲ. ನಾಲ್ಕು ವರ್ಷದಿಂದ ಆ ಹಿತ್ತಲಲ್ಲಿ ಬಟ್ಟೆ ಒಣಗುವುದು ಬಿಟ್ಟರೆ ಬೇರೇನೂ ನಡೆದಿಲ್ಲ.

ನಿನ್ನ ಭಾವ ಹಾಗೆಯೇ ಇದ್ದಾರೆ. ಬೆಳಿಗ್ಗೆ ಎಂಟಕ್ಕೆ ರೈಲು ನಿಲ್ದಾಣದ ಸೈಕಲ್ ಸ್ಟ್ಯಾಂಡಿಗೆ ಹೋಗಿ ಎಡಗೈಯಲ್ಲಿ ಚೀಟಿ ಹರಿದು ಕೊಡುತ್ತಾರೆ, ಸಂಜೆ ಆರಕ್ಕೆ ಬಂದು ಗೋಡೆ ನೋಡುತ್ತಾ ಕೂರುತ್ತಾರೆ. ಬಲಗೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ. ನಾಲ್ಕು ವರ್ಷದ ಹಿಂದಿನ ಆ ಬೆಂಕಿಯಲ್ಲಿ ನಮ್ಮ ನಲವತ್ತು ಪೆಟ್ಟಿಗೆ ಹೋಯಿತು, ಪಕ್ಕದ ಹಣ್ಣಿನ ತೋಟದ ಎರಡು ಸಾಲು ಮರ ಹೋಯಿತು, ಜೇನು ಸಾಕುವವರ ಸಂಘ ಇವರನ್ನು ಪಾಠ ಹೇಳುವ ಕೆಲಸದಿಂದ ಬಿಡಿಸಿತು. ಅಂದು ಮುಚ್ಚಿದ ಬಾಯಿ. ಜೇನು ಮೇಷ್ಟ್ರು ಎನ್ನುತ್ತಿದ್ದ ಜನವೇ ಈಗ ಬೆಂಕಿ ಮೇಷ್ಟ್ರು ಎನ್ನುತ್ತಾರೆ. ಸೈಕಲ್ ಬಿಡಲು ಬರುವವರೂ ಹಾಗೆಯೇ ಕರೆಯುತ್ತಾರಂತೆ.

ಪೆಟ್ಟಿಗೆಗಳು ಬಂದ ದಿನ ಎದ್ದು ಹೋಗಿ ಹಿತ್ತಲ ಬಾಗಿಲು ಹಾಕಿಕೊಂಡರು, ಅಷ್ಟೇ. ಆದರೂ ನನಗೊಂದು ಆಸೆ. ಹುಳದ ಸದ್ದು ಕೇಳಿ ಕೇಳಿ ಒಂದಲ್ಲ ಒಂದು ದಿನ ಹೊರಗೆ ಬಂದಾರು ಎಂದು. ಉರಿಯುವ ಡಬ್ಬಿಯನ್ನು ಒಣಹುಲ್ಲಿನಲ್ಲಿ ಇಟ್ಟು ಮೈಮರೆತದ್ದು ಅವರದೇ ತಪ್ಪು. ಅದನ್ನು ನಾನು ಮರೆತಿಲ್ಲ, ಅವರಿಗೂ ಮರೆಯಲು ಬಿಟ್ಟಿಲ್ಲ. ಆದರೆ ಎಷ್ಟು ದಿನ ಹೀಗೆ? ಇರುವವರು ಇಬ್ಬರು, ಇಬ್ಬರೂ ಒಂದೇ ಮನೆಯಲ್ಲಿ ಬೇರೆ ಬೇರೆ ಬಾಡಿಗೆಗೆ ಇದ್ದ ಹಾಗಿದ್ದೇವೆ. ಅವರು ಮತ್ತೆ ಮಾತಾಡಬೇಕು ಅಣ್ಣ. ಅದಕ್ಕಾಗಿ ಹುಳದ ಕೈಲಿ ಕಚ್ಚಿಸಿಕೊಳ್ಳಲೂ ತಯಾರಿದ್ದೇನೆ.

ಹೊಗೆ ಹಾಕದೆ ಪೆಟ್ಟಿಗೆ ತೆರೆದರೆ ಕಚ್ಚಿಸಿಕೊಳ್ಳುವುದೇ ಆಗುತ್ತದೆ. ಅಂಗಡಿಯಲ್ಲಿ ಮೂರು ಹೊಗೆಡಬ್ಬಿ ನೋಡಿ ಬಂದೆ. ಒಂದು ಪೌಡರ್ ಡಬ್ಬಿಯಷ್ಟಿದೆ, ಅದರ ಗಾಳಿತಿದಿ ಒತ್ತಿದರೆ ಮುದುಕರು ಕೆಮ್ಮಿದ ಹಾಗೆ ಕೆಮ್ಮುತ್ತದೆ. ಇನ್ನೊಂದು ಬಿಳಿ ತಗಡಿನದು, ಥಳಥಳ ಎನ್ನುತ್ತದೆ. ಅಂಗಡಿಯವನು ಅದನ್ನೇ ಹೊಗಳಿದ, ಅದಕ್ಕೇ ನನಗೆ ಅನುಮಾನ. ಮೂರನೆಯದು ಸ್ಟೀಲಿನದು, ಸುತ್ತ ತಂತಿಯ ಪಂಜರ ಇದೆ, ಭಾರ. ಯಾವುದು ಬಾಳಿಕೆ ಬರುತ್ತದೆ? ಇಲ್ಲವೇ ನೀನೇ ಒಂದು ಮಾಡಿಕೊಡು. ನೀನು ಅಂದು ಮಾಡಿಕೊಟ್ಟದ್ದು ಎಷ್ಟು ಚೆನ್ನಾಗಿತ್ತು. ತಗಡಿನ ಕೆಲಸದ ಅಣ್ಣನನ್ನು ಇಟ್ಟುಕೊಂಡು ಅಂಗಡಿಯಲ್ಲಿ ಕೊಂಡರೆ ನಿನಗೇ ಅವಮಾನ.

ಅತ್ತಿಗೆಯನ್ನು ಕೇಳಿದೆ ಎಂದು ಹೇಳು.

ನಿನ್ನ ತಂಗಿ


ಜನವರಿ 27

ಚೂಟಿ,

ನಿನ್ನ ಕಾಗದ ಬಂದು ಎರಡು ವಾರವಾಗುತ್ತಾ ಬಂತು. ಕೆಲಸ ಜಾಸ್ತಿ ಇತ್ತು, ತಡವಾಯಿತು.

ಹೊಗೆಡಬ್ಬಿ ಮಾಡುವುದನ್ನು ನಾನು ಬಿಟ್ಟಿದ್ದೇನೆ. ಕಣ್ಣು ಮೊದಲಿನಂತಿಲ್ಲ. ಅವಮಾನವೇನೂ ಇಲ್ಲ, ಅಂಗಡಿಯದನ್ನೇ ತೆಗೆದುಕೋ. ಆ ಮೂರನೆಯದು, ಸ್ಟೀಲಿನದು. ಬಿಳಿ ತಗಡಿಗೆ ಸತುವಿನ ಲೇಪ ಇರುತ್ತದೆ, ಕಾದರೆ ಕೆಟ್ಟ ಹೊಗೆ ಬಿಡುತ್ತದೆ, ಮೂರು ಮಳೆಗಾಲದಲ್ಲಿ ತುಕ್ಕು ತಿಂದು ಜರಡಿಯಾಗುತ್ತದೆ. ಚಿಕ್ಕದಂತೂ ಬೇಡವೇ ಬೇಡ. ಎರಡು ಪೆಟ್ಟಿಗೆ ನೋಡುವಷ್ಟರಲ್ಲಿ ಅದು ಆರಿ ಹೋಗುತ್ತದೆ, ಮೂರನೆಯದರ ಮುಂದೆ ನೀನು ಬರಿಗೈಯಲ್ಲಿ ನಿಂತಿರುತ್ತೀಯ. ಪಂಜರ ಇರಲೇಬೇಕು, ಇಲ್ಲದಿದ್ದರೆ ಮೊಣಕಾಲಿಗೆ ತಗುಲಿ ಚರ್ಮ ಎದ್ದು ಬರುತ್ತದೆ. ತಿದಿಗೆ ಚರ್ಮ ಹಾಕಿರಬೇಕು, ಅದನ್ನು ಮೊಳೆ ಹೊಡೆಯದೆ ಸ್ಕ್ರೂ ಹಾಕಿ ಕೂರಿಸಿರಬೇಕು. ಹರಿದ ದಿನ ಬಿಚ್ಚಿ ಹೊಸ ಚರ್ಮ ಹಾಕಿಸಬಹುದು. ಒಳಗೆ ತೂತಿನ ತಟ್ಟೆ ಇದೆಯೋ ನೋಡು, ಕೆಂಡ ಕೂರುವುದು ಅದರ ಮೇಲೆ, ಗಾಳಿ ಬರುವುದು ಅದರ ಕೆಳಗಿನಿಂದ.

ಇದೆಲ್ಲಕ್ಕಿಂತ ಮುಖ್ಯ ತಳ. ಡಬ್ಬಿ ಮಗುಚಿ ನೋಡು. ತಗಡಿನ ಅಂಚು ಮಡಿಚಿ ರಿವೆಟ್ ಹೊಡೆದಿರಬೇಕು. ಮಡಿಕೆಯ ಮೇಲೆ ಉಗುರಿನಿಂದ ಕೆರೆದು ನೋಡು. ಬೂದು ಬಣ್ಣದ ಮೆತ್ತನೆ ಗೆರೆ ಕಂಡರೆ ಅದು ಸೀಸದ ಬೆಸುಗೆ. ಅಂಗಡಿಯವನು ಏನೇ ಆಣೆ ಪ್ರಮಾಣ ಮಾಡಿದರೂ ಅವನ ಮುಂದೆಯೇ ಇಟ್ಟು ಬಾ. ತಳ ನೋಡದೆ ಮನೆಗೆ ತರಬೇಡ. ಮರೆಯಬೇಡ.

ಹಳೆಯದು ಇನ್ನೂ ಮನೆಯಲ್ಲಿದ್ದರೆ ಗುಜರಿಗೆ ಹಾಕಿಬಿಡು. ಸುಟ್ಟ ಸಾಮಾನು ಇಟ್ಟುಕೊಂಡು ಮಾಡುವುದೇನಿದೆ?

ಭಾವ ಅಂದಿನ ವಿಷಯ ಏನಾದರೂ ಎತ್ತುತ್ತಾರಾ? ಸುಮ್ಮನೆ ಕೇಳಿದೆ. ಅವರನ್ನು ತುಂಬಾ ಬೈಯಬೇಡ. ಆದದ್ದು ಆಗಿಹೋಯಿತು.

ನಿನ್ನಣ್ಣ


ಫೆಬ್ರವರಿ 20

ಅಣ್ಣ,

ಸ್ಟೀಲಿನದನ್ನೇ ತಂದೆ. ಅಂಗಡಿಯಲ್ಲಿ ಅದನ್ನು ಮಗುಚಿ ಹಾಕಿ ಉಗುರಿನಿಂದ ಕೆರೆದಾಗ ಅಂಗಡಿಯವನು, "ಏನಮ್ಮಾ, ಚಿನ್ನ ತಗೊಳ್ತಾ ಇದೀರಾ?" ಎಂದ. ನಮ್ಮಣ್ಣ ಹೇಳಿದ್ದಾನೆ ಎಂದೆ.

ಮೊದಲನೇ ದಿನ ಕಾಗದ ತುರುಕಿ ಬೆಂಕಿ ಹಚ್ಚಿದೆ. ಭಗ್ ಎಂದು ಉರಿಯಿತು, ಪೆಟ್ಟಿಗೆಯ ಮುಚ್ಚಳ ಎತ್ತುವಷ್ಟರಲ್ಲಿ ತಣ್ಣಗಾಯಿತು. ಎಡಗಿವಿಗೆ ಮೂರು ಕಡೆ ಕಚ್ಚಿದವು. ಎರಡು ದಿನ ಎಡಗಿವಿ ಬಲಗಿವಿಗೆ ಅಣ್ಣನಾಗಿತ್ತು. ಎರಡನೇ ದಿನ ಎಲೆ ತುಂಬಿದೆ, ಹೊಗೆಯೆಲ್ಲ ನನ್ನ ಕಣ್ಣಿಗೇ ಬಂತು. ಮೂರನೇ ದಿನ ಹಟ ಹಿಡಿದು ಇವರ ಹಳೇ ಶರ್ಟೊಂದನ್ನು ಹರಿದು ತುರುಕುತ್ತಾ ಕೂತಿದ್ದೆ. ಹಿಂದಿನಿಂದ ಮಾತು ಕೇಳಿಸಿತು.

"ಅದು ನೈಲಾನ್ ಬಟ್ಟೆ. ಹಾಕ್ಬೇಡ, ಹುಳ ಸಾಯ್ತವೆ."

ತಿರುಗಿ ನೋಡಿದರೆ ಹಿತ್ತಲ ಮೆಟ್ಟಿಲ ಮೇಲೆ ಇವರು! ಇಳಿದು ಬಂದು ಕುಕ್ಕರಗಾಲಿನಲ್ಲಿ ಕೂತರು. ಎಡಗೈಯಲ್ಲೇ ಒಂದು ಹಾಳೆ ಮುದುರಿ ಹಚ್ಚಿ ಡಬ್ಬಿಯ ಒಳಗಿಟ್ಟರು. ಅದು ಹಿಡಿದ ಮೇಲೆ ಬಡಗಿಯ ಹತ್ತಿರದ ಹೊಟ್ಟು ಒಂದು ಹಿಡಿ, ಹಳೇ ಗೋಣಿತಾಟಿನ ಚೂರು, ಮತ್ತೆ ಹೊಟ್ಟು, ಹೀಗೆ ಸ್ವಲ್ಪ ಸ್ವಲ್ಪವೇ ಹಾಕಿ ನನ್ನ ಕೈಯಲ್ಲಿ ಮೆಲ್ಲಗೆ ತಿದಿ ಒತ್ತಿಸಿದರು. ಕಿಡಿ ಹಾರದಂತೆ ಮೇಲೆ ಒಂದು ಹಿಡಿ ಹಸಿಹುಲ್ಲು ಇಟ್ಟು ಮುಚ್ಚಳ ಹಾಕಿದರು. ಬಿಳೀ ಹೊಗೆ ಸೋಮಾರಿಯ ಹಾಗೆ ಬರತೊಡಗಿತು. "ಪೆಟ್ಟಿಗೆ ಬಾಗಿಲ ಹತ್ರ ಎರಡೇ ಎರಡು ಸಲ ಊದು. ಆಮೇಲೆ ಸುಮ್ನೆ ನಿಂತ್ಕೋ. ಅವಕ್ಕೂ ವಿಷಯ ಗೊತ್ತಾಗ್ಬೇಕಲ್ಲ" ಎಂದರು. ಐದೂ ಪೆಟ್ಟಿಗೆ ನೋಡಿದೆವು ಅಣ್ಣ. ಒಂದು ಹುಳವೂ ಕಚ್ಚಲಿಲ್ಲ.

ಕೆಲಸ ಮುಗಿದ ಮೇಲೆ ಡಬ್ಬಿಯ ಮೂತಿಗೆ ಒದ್ದೆ ಬಟ್ಟೆ ತುರುಕಿ ಮರಳಿನ ಬಕೆಟ್ಟಿನಲ್ಲಿ ಇಟ್ಟರು. ಆರಿದ ಮೇಲೆ ತೆಗೆದು ಮಗುಚಿ, ತಳದ ಅಂಚಿನ ಸುತ್ತ ಬೆರಳಾಡಿಸಿದರು. ಬಹಳ ಹೊತ್ತು. "ರಿವೆಟ್ ಹೊಡೆದಿದಾರೆ" ಎಂದು ಹೇಳಿ ಒಳಗೆ ಹೋದರು. ನೀವಿಬ್ಬರೂ ತಳದ ಹುಚ್ಚರೇ ಎಂದು ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಸಂತೋಷಕ್ಕೆ ಅತ್ತೆ.

ನಿನ್ನ ತಂಗಿ


ಮಾರ್ಚ್ 14

ಅಣ್ಣ,

ನೀನು ಹೇಳಿದೆಯಲ್ಲ, ಹಳೆಯದನ್ನು ಗುಜರಿಗೆ ಹಾಕು ಎಂದು. ಹುಡುಕಿದೆ. ಇವರ ಟ್ರಂಕಿನ ತಳದಲ್ಲಿ, ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಎರಡು ಪೊಟ್ಟಣ ಇದ್ದವು. ಒಂದರಲ್ಲಿ ಡಬ್ಬಿ, ಇನ್ನೊಂದರಲ್ಲಿ ಅದರ ತಳ. ಪತ್ರಿಕೆಯ ತಾರೀಖು ನೋಡಿದರೆ ಬೆಂಕಿ ಬಿದ್ದ ಮುಂದಿನ ವಾರದ್ದು. ಅಂದರೆ ಕೈಗೆ ಕಟ್ಟು ಹಾಕಿಕೊಂಡೇ ಅಲ್ಲಿಗೆ ಹೋಗಿ ಬೂದಿಯಲ್ಲಿ ಹುಡುಕಿ ತಂದಿದ್ದಾರೆ.

ಅಂಚು ಕೆರೆದು ನೋಡಿದೆ. ಬೂದು ಬಣ್ಣದ ಮೆತ್ತನೆ ಗೆರೆ.

ನಮ್ಮ ಬೀದಿಯ ಒಲೆ ರಿಪೇರಿಯವನ ಹತ್ತಿರ ತೆಗೆದುಕೊಂಡು ಹೋದೆ. ಯಾರು ಮಾಡಿದ್ದು ಎಂದು ಹೇಳಲಿಲ್ಲ. ಅವನು ನೋಡಿ, "ಇದ್ಯಾವ ಪುಣ್ಯಾತ್ಮ ಮಾಡಿದ್ದು? ಗಿಡಕ್ಕೆ ನೀರು ಹಾಕೋ ಕ್ಯಾನಿನ ಬೆಸುಗೆ ಇದು. ಕೆಂಡ ಇಡೋ ಡಬ್ಬಿಗೆ ಹಾಕಿದ್ರೆ ಬೆಣ್ಣೆ ಕರಗಿದ ಹಾಗೆ ಕರಗುತ್ತೆ" ಎಂದ. ದೊಡ್ಡ ಬೆಂಕಿ ಬಿತ್ತಪ್ಪಾ, ಅದರಲ್ಲಿ ಕರಗಿರಬಹುದು ಎಂದೆ. "ಡಬ್ಬಿ ಒಳಗೂ ಹೊರಗೂ ಕಪ್ಪಾಗಿದೆ ನೋಡಿ. ತಳ ಒಳಗಡೆ ಮಾತ್ರ ಕಪ್ಪು, ಹೊರಗಡೆ ಇನ್ನೂ ಹೊಳೀತಿದೆ. ಬೆಂಕಿ ಬಿದ್ದಾಗ ಇವೆರಡೂ ಒಟ್ಟಿಗೆ ಇರ್ಲಿಲ್ಲ. ತಳ ಮೊದಲೇ ಕಳಚಿಕೊಂಡು ಯಾವುದೋ ಕಲ್ಲಿಗೆ ಅಂಟಿ ಕೂತಿತ್ತು" ಎಂದ.

ನೀನು ಮಾಡಿಕೊಟ್ಟದ್ದಕ್ಕೆ ರಿವೆಟ್ ಹೊಡೆದಿದ್ದೆಯಾ, ಇಲ್ಲವಾ? ಅಷ್ಟು ಬರೆ ಸಾಕು.

ತಂಗಿ


ಏಪ್ರಿಲ್ 11

ಅಣ್ಣ,

ನಾಲ್ಕು ವಾರವಾಯಿತು. ನಾನು ಕೇಳಿ ಕೇಳಿ ಪೋಸ್ಟ್‌ಮ್ಯಾನ್ ನಮ್ಮ ಬೀದಿ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದಾನೆ. ನಿನ್ನ ಉತ್ತರ ನನಗೆ ಗೊತ್ತಾಗಿದೆ. ಆದರೂ ಅದು ನಿನ್ನ ಅಕ್ಷರದಲ್ಲಿ ಬೇಕು. ಸಂಘದವರ ಮುಂದೆ ಇಡಬೇಕು, ಇವರ ಮುಂದೆ ಇಡಬೇಕು. ಇನ್ನೂ ಯಾರಿಗೂ ಹೇಳಿಲ್ಲ.


ಏಪ್ರಿಲ್ 29

ಚೂಟಿ,

ರಿವೆಟ್ ಹೊಡೆದಿರಲಿಲ್ಲ.

ಆ ವಾರ ನರ್ಸರಿಯವರ ಅರವತ್ತು ನೀರಿನ ಕ್ಯಾನಿನ ಕೆಲಸ ಕೈಯಲ್ಲಿತ್ತು. ಬೆಸುಗೆಯ ಕಾವು ಸಿದ್ಧವಾಗಿಯೇ ಇತ್ತು. ನೀನು ಅಂಗಡಿಯ ಸ್ಟೂಲಿನ ಮೇಲೆ ಕೂತು, ಬಸ್ಸಿಗೆ ಹೊತ್ತಾಯಿತು, ಬೇಗ ಬೇಗ ಎನ್ನುತ್ತಿದ್ದೆ. ಇದನ್ನು ನಿನ್ನ ತಲೆಗೆ ಕಟ್ಟಲು ಹೇಳುತ್ತಿಲ್ಲ, ನಡೆದದ್ದನ್ನು ಹೇಳುತ್ತಿದ್ದೇನೆ. ಮಡಿಚಿ ರಿವೆಟ್ ಹೊಡೆಯಲು ಅರ್ಧ ದಿನ ಬೇಕು, ಬೆಸುಗೆಗೆ ಹತ್ತು ನಿಮಿಷ ಸಾಕು. ಕೆಂಡ ಹೇಗೂ ತೂತಿನ ತಟ್ಟೆಯ ಮೇಲಿರುತ್ತದೆ, ತಳಕ್ಕೆ ಗಾಳಿ ಆಡುತ್ತಿರುತ್ತದೆ, ಬಿಸಿ ಏರುವುದಿಲ್ಲ ಎಂದುಕೊಂಡೆ. ನಾಲ್ಕೈದು ಪೆಟ್ಟಿಗೆ ಇದ್ದವರಿಗೆ ಅದು ಸರಿಯೇ ಇರುತ್ತಿತ್ತು. ಭಾವ ಒಂದೇ ಬೆಳಿಗ್ಗೆ ನಲವತ್ತು ಪೆಟ್ಟಿಗೆ ನೋಡುವವರು. ಹೊತ್ತು ಹೋದ ಹಾಗೆ ಕೆಂಡದ ಚೂರು ತೂತಿನಿಂದ ಉದುರಿ ಕೆಳಗೆ ತುಂಬಿಕೊಳ್ಳುತ್ತದೆ. ಅದು ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು, ಮೂವತ್ತು ವರ್ಷದ ಕಸುಬು.

ಆಸ್ಪತ್ರೆಯಲ್ಲಿ ಭಾವ ಬೆಂಕಿ ಬಿದ್ದ ರೀತಿ ಹೇಳಿದಾಗ ನಾನು ಕಾಫಿ ಫ್ಲಾಸ್ಕ್ ಹಿಡಿದು ಮಂಚದ ಪಕ್ಕದಲ್ಲೇ ನಿಂತಿದ್ದೆ. "ಡಬ್ಬಿನ ಕಲ್ಲಿನ ಮೇಲೇ ಇಟ್ಟಿದ್ದೆ ಕಣೇ. ಎತ್ತಿದೆ, ತಳ ಅಲ್ಲೇ ಉಳೀತು, ಕೆಂಡ ಎಲ್ಲ ಹುಲ್ಲಿಗೆ ಸುರೀತು" ಎಂದರು. ನೀನು ಏನಂದೆ ನೆನಪಿದೆಯಾ? "ನಿಮ್ಮ ತಪ್ಪನ್ನ ನಮ್ಮಣ್ಣನ ತಲೆಗೆ ಕಟ್ಬೇಡಿ. ಅಷ್ಟು ಬೆಂಕೀಲಿ ತಳ ಏನು, ಲೋಕವೇ ಕಳಚ್ಕೊಳ್ಳತ್ತೆ. ಇನ್ನೊಂದ್ಸಲ ಈ ಮಾತು ಆಡಿದ್ರೆ ನಾನು ಮನುಷ್ಯಳಲ್ಲ" ಎಂದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ನಾನು ಬಾಯಿ ತೆರೆಯುವ ಮುಂಚೆಯೇ ನೀನು ನನ್ನ ಪರ ನಿಂತುಬಿಟ್ಟಿದ್ದೆ. ಭಾವ ನನ್ನ ಮುಖ ನೋಡಿದರು. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನಿಂತೆ. ಆಮೇಲೆ ಇಂದು ಹೇಳೋಣ, ನಾಳೆ ಹೇಳೋಣ ಎಂದು ನಾಲ್ಕು ವರ್ಷ ಕಳೆದೆ.

ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸು. ಕ್ಷಮಿಸಿ ಎಂದು ಕೇಳಲು ಮುಖವಿಲ್ಲ, ಆದರೂ ಕೇಳುತ್ತೇನೆ. ಬಂದು ಅವರ ಕಾಲು ಹಿಡಿಯಲಾ?

ನಿನ್ನಣ್ಣ


ಜೂನ್ 30

ಅಣ್ಣ,

ಬರಬೇಡ. ಬಂದರೂ ಅವರು ಈ ಮನೆಯಲ್ಲಿಲ್ಲ.

ನಿನ್ನ ಕಾಗದ ಬಂದ ಮಧ್ಯಾಹ್ನ ಚಪ್ಪಲಿ ಸಹ ಸರಿಯಾಗಿ ಮೆಟ್ಟದೆ ಸೈಕಲ್ ಸ್ಟ್ಯಾಂಡಿಗೆ ಓಡಿದೆ. ಅವರಿಗೆ ಅವರ ಹೆಸರನ್ನು ವಾಪಸ್ ಕೊಡಲು ಹೋಗುತ್ತಿದ್ದೇನೆ ಎಂದು ನನಗೆ ಎಂಥಾ ಖುಷಿ ಗೊತ್ತಾ? ನಾನು ಹುಚ್ಚಿ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ನಡುವೆ ಇಬ್ಬರು ಬಂದರು, ಅವರಿಗೆ ಚೀಟಿ ಕೊಟ್ಟು ಬಿಟ್ಟ ಜಾಗದಿಂದ ಮತ್ತೆ ಓದಿದರು. ಮಡಿಚಿ ನನ್ನ ಕೈಗೇ ಕೊಟ್ಟರು.

"ಇದು ನಂಗೆ ಗೊತ್ತಿದ್ದದ್ದೇ. ಆವತ್ತೇ ಹೇಳಿದ್ದೆ" ಎಂದರು.

"ನಂಗೆ ಗೊತ್ತಿರ್ಲಿಲ್ಲ ರೀ. ಅಣ್ಣ ಬಾಯೇ ಬಿಡ್ಲಿಲ್ಲ. ಅವನು ಇಂಥಾ ಕೆಲಸ ಮಾಡ್ತಾನೆ ಅಂತ ನಾನು..."

"ನಿಮ್ಮಣ್ಣಂದು ಬಿಡು. ಅವಸರದಲ್ಲಿ ಒಂದು ಡಬ್ಬಿ ಕೆಡಿಸಿದ, ಆಮೇಲೆ ಹೆದರಿದ. ಯಾರಾದ್ರೂ ಹೆದರ್ತಾರೆ. ಅವನ ಮೇಲೆ ನಂಗೇನೂ ಇಲ್ಲ." ಸ್ವಲ್ಪ ಹೊತ್ತು ಚೀಟಿಯ ಪುಸ್ತಕ ತಿರುವಿದರು. "ನೀನು ಒಲೆ ರಿಪೇರಿಯವನ ಮಾತು ನಂಬಿದೆ. ನಿಮ್ಮಣ್ಣನ ಕಾಗದ ನಂಬಿದೆ. ನಾನು ಹೇಳಿದ್ದನ್ನ ನಂಬೋಕೆ ನಿಂಗೆ ನಾಲ್ಕು ವರ್ಷದಲ್ಲಿ ಒಂದು ದಿನ ಸಿಗ್ಲಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ ಅಣ್ಣ. ಸಿಟ್ಟು ಮಾಡಿದ್ದರೆ, ಕೂಗಾಡಿದ್ದರೆ, ಕೈಗೆ ಸಿಕ್ಕಿದ್ದನ್ನು ಎಸೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಕಾಗದವನ್ನೂ ಎರಡು ಪೊಟ್ಟಣಗಳನ್ನೂ ನಾನೇ ಸಂಘಕ್ಕೆ ಒಯ್ದೆ. ಅಧ್ಯಕ್ಷರು ಸಭೆಯಲ್ಲಿ ಗಟ್ಟಿಯಾಗಿ ಓದಿದರು, ತಳವನ್ನು ಕೈಯಿಂದ ಕೈಗೆ ದಾಟಿಸಿ ಎಲ್ಲರೂ ನೋಡಿದರು. ತೋಟದ ಯಜಮಾನನೂ ಬಂದಿದ್ದ. ನಿನ್ನ ಹೆಸರು ಅಲ್ಲಿ ಮಣ್ಣುಪಾಲಾಯಿತು, ನನಗೆ ಅಯ್ಯೋ ಎನಿಸಲಿಲ್ಲ. ಮರುದಿನ ಅದೇ ಜನ ಮನೆಗೆ ಬಂದು, "ಬನ್ನಿ ಜೇನು ಮೇಷ್ಟ್ರೇ" ಎಂದು ಕರೆದುಕೊಂಡು ಹೋದರು. ಸಂಘದ ತರಬೇತಿ ಶೆಡ್ಡಿನ ಪಕ್ಕ ಒಂದು ಕೋಣೆ ಇದೆ. ಎರಡು ದಿನ ಹೋಗಿ ಬಂದು ಮಾಡಿದರು. ಮೂರನೇ ದಿನ ಟ್ರಂಕ್ ತೆಗೆದುಕೊಂಡು ಹೋದರು. ನಾನು ಬಾಗಿಲಲ್ಲಿ ನಿಂತಿದ್ದೆ, ನೀನೂ ಬಾ ಎನ್ನುತ್ತಾರೇನೋ ಎಂದು. "ಈ ಐದು ಪೆಟ್ಟಿಗೆ ನಿಂದು. ಚೆನ್ನಾಗಿ ನೋಡ್ಕೋ" ಎಂದರು.

ಅವರು ನಿನ್ನನ್ನು ಕ್ಷಮಿಸಿದ್ದಾರೆ. ಕೇಳುವ ಮುಂಚೆಯೇ ನಿನಗೆ ಸಿಕ್ಕಿದೆ. ಅದನ್ನು ನೆನೆಸಿಕೊಂಡರೆ ನನಗೆ ಹೊಟ್ಟೆ ಉರಿಯುತ್ತದೆ. ನಾನು ನಿನ್ನನ್ನು ಕ್ಷಮಿಸಿಲ್ಲ, ಕ್ಷಮಿಸುವ ಮನಸ್ಸೂ ಇಲ್ಲ. ನೀನು ಆ ಫ್ಲಾಸ್ಕ್ ಕೆಳಗಿಟ್ಟು ಒಂದೇ ಒಂದು ಮಾತು ಆಡಿದ್ದರೆ ನಾನು ಇಷ್ಟು ಕೆಟ್ಟವಳಾಗುತ್ತಿರಲಿಲ್ಲ ಎಂದು ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತೇನೆ. ಹನ್ನೊಂದನೇ ಸಲ ನಾನೇ ನೆನಪಾಗುತ್ತೇನೆ, ಆ ವಾರ್ಡಿನಲ್ಲಿ ಬಾಯಿ ಮಾಡುತ್ತಾ ನಿಂತವಳು. ನನಗೆ ಇನ್ನು ಕಾಗದ ಬರೆಯಬೇಡ.

ಕಳೆದ ಭಾನುವಾರ ಅವರ ತರಗತಿಗೆ ಹೋಗಿದ್ದೆ. ಯಾರು ಬೇಕಾದರೂ ಹೆಸರು ಕೊಟ್ಟು ಕೂರಬಹುದು, ನಾನೂ ಕೊಟ್ಟೆ. ಹನ್ನೆರಡು ಜನ ಇದ್ದೆವು, ನಾನು ಕೊನೆಯ ಸಾಲಿನಲ್ಲಿದ್ದೆ. ಹೊಗೆ ಹದವಾಗಿದೆಯೋ ಇಲ್ಲವೋ ತಿಳಿಯಲು ಮೊದಲು ನಮ್ಮ ಕೈಯ ಹಿಂಬದಿಗೆ ಊದಿಕೊಂಡು ನೋಡಬೇಕಂತೆ. ನಮ್ಮ ಚರ್ಮಕ್ಕೆ ಸುಡುವ ಹೊಗೆ ಹುಳದ ರೆಕ್ಕೆಯನ್ನೂ ಸುಡುತ್ತದಂತೆ. ಪ್ರತಿಯೊಬ್ಬರ ಹತ್ತಿರವೂ ಬಂದರು. ಆ ಮಡಚದ ಬೆರಳುಗಳ ಕೈಯಿಂದಲೇ ಅವರವರ ಕೈ ಹಿಡಿದು, ಎಡಗೈಯಲ್ಲಿ ತಿದಿ ಒತ್ತಿ, ಒಂದು ಸಲ ಊದಿ ಕೇಳಿದರು. ನಾಲ್ಕು ವರ್ಷದ ಮೇಲೆ ಅವರ ಕೈ ನನ್ನ ಕೈ ಹಿಡಿಯುತ್ತದೆ ಎಂದು ನಾನು ಕೈ ಮುಂದೆ ಚಾಚಿಕೊಂಡೇ ಕೂತಿದ್ದೆ. ನನ್ನ ಹತ್ತಿರ ಬಂದರು, ಕೈ ಹಿಡಿದರು, ಎಲ್ಲರಿಗೂ ಊದಿದಷ್ಟೇ ಊದಿದರು.

"ಬಿಸಿ ಇದೆಯಾ?" ಎಂದು ಕೇಳಿದರು.

ಇಲ್ಲ, ತಣ್ಣಗಿದೆ ಎಂದೆ. ಸರಿ ಎಂದು ಪಕ್ಕದವರ ಕೈ ಹಿಡಿದರು.

ತಂಗಿ